ಲೆಟರ್‌ಹೆಡ್ ಕೊಟ್ಟವನು ಸ್ಪಾನ್ಸರ್ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದಿತ್ತು. ಎಂಜಿನಿಯರಿಂಗ್ ಕಾಲೇಜೊಂದರ ಮೆಕ್ಯಾನಿಕಲ್ ವಿಭಾಗದ ನಾಲ್ಕು ಹುಡುಗರು ಒಂದು ಮೆಷಿನ್ ಹಿಂದೆ ಸಾಲಾಗಿ ನಿಂತಿದ್ದಾರೆ, ಪಕ್ಕದಲ್ಲಿ ಪ್ರಿನ್ಸಿಪಾಲರು, ಕೆಳಗೆ ‘ಕೈಗಾರಿಕೆ ಪ್ರಾಯೋಜಿತ ಪ್ರಾಜೆಕ್ಟ್’ ಅಂತ ಬರಹ. ಮೆಷಿನ್ನಿಗೆ ಹೊಡೆದ ನೀಲಿ ಬಣ್ಣ ಫೋಟೊದಲ್ಲೂ ಫಳಫಳ ಹೊಳೆಯುತ್ತಿತ್ತು. ಹುಡುಗರ ಮುಖದಲ್ಲಿ ಖುಷಿ ಇತ್ತು, ಅದಕ್ಕೆ ನನ್ನದೇನೂ ತಕರಾರಿಲ್ಲ. ಆದರೆ ನಾನು ಬೆಳಗಾವಿಯ ಉದ್ಯಮಬಾಗದಲ್ಲಿ 22 ವರ್ಷದಿಂದ ಸಣ್ಣ ಮೆಷಿನ್ ಶಾಪ್ ನಡೆಸುತ್ತಿರುವವನು. ನನ್ನ ಕಣ್ಣು ಹೋಗಿದ್ದು ಆ ಬಣ್ಣದ ಮೇಲೆ. ಒಂದು ಕಡೆಯೂ ಗೀರಿಲ್ಲ, ಎಣ್ಣೆ ಕಲೆ ಇಲ್ಲ, ಸ್ಪ್ಯಾನರ್ ಜಾರಿ ಉಜ್ಜಿದ ಗುರುತಿಲ್ಲ. ಆ ಮೆಷಿನ್ ಒಂದು ಶಿಫ್ಟೂ ಕೆಲಸ ಮಾಡಿಲ್ಲ ಅಂತ ಹೇಳಲು ಎಂಜಿನಿಯರ್ ಆಗಬೇಕಿಲ್ಲ.

ಬೇರೆಯವರನ್ನು ಬೈಯುವ ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಆರೇಳು ವರ್ಷದ ಹಿಂದೆ ನಾಲ್ಕು ಜನ ವಿದ್ಯಾರ್ಥಿಗಳು ಪರಿಚಯದವರ ಹೆಸರು ಹೇಳಿಕೊಂಡು ನನ್ನ ಶಾಪಿಗೆ ಬಂದರು. ಕೈಯಲ್ಲಿ ಪೆನ್‌ಡ್ರೈವ್. ಅದರಲ್ಲಿ ಪತ್ರ ಮೊದಲೇ ಟೈಪ್ ಆಗಿತ್ತು: ‘ಈ ಕೆಳಕಂಡ ವಿದ್ಯಾರ್ಥಿಗಳು ನಮ್ಮ ಸಂಸ್ಥೆಯಲ್ಲಿ ಪ್ರಾಜೆಕ್ಟ್ ಕೆಲಸವನ್ನು ಯಶಸ್ವಿಯಾಗಿ ಪೂರೈಸಿದ್ದಾರೆ.’ ತಾರೀಖಿನ ಜಾಗ ಮಾತ್ರ ಖಾಲಿ. ಸರ್, ನಿಮ್ಮ ಲೆಟರ್‌ಹೆಡ್ ಮೇಲೆ ಪ್ರಿಂಟ್ ಹಾಕಿ ಸೀಲ್ ಹೊಡೆದರೆ ಸಾಕು ಅಂದರು. ಮಕ್ಕಳ ಕೆಲಸ, ನಮಗೇನು ಖರ್ಚು ಅಂತ ಸೀಲ್ ಹೊಡೆದೆ. ಟೀ ಕೂಡ ಕುಡಿಸಿದೆ. ಮೇ ತಿಂಗಳಲ್ಲಿ ವೈವಾ, ಅಂದರೆ ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಅವರಲ್ಲೊಬ್ಬನಿಗೆ ‘ಈ ಕಂಪನಿ ಏನು ತಯಾರಿಸುತ್ತದೆ’ ಅಂತ ಕೇಳಿದರಂತೆ. ಅವನು ‘ಗೇರ್ ಬಾಕ್ಸ್’ ಅಂದನಂತೆ. ನಾನು ಜೀವಮಾನದಲ್ಲಿ ಒಂದು ಗೇರ್ ಕೊರೆದವನಲ್ಲ! ಆ ಪರೀಕ್ಷಕರು ಅಲ್ಲೇ ಕೂತು ನನಗೆ ಫೋನ್ ಮಾಡಿದರು. ಏನು ಹೇಳಬೇಕೋ ತಿಳಿಯದೆ ಸಿಗ್ನಲ್ ಸರಿ ಇಲ್ಲ ಅಂತ ಕಟ್ ಮಾಡಿದೆ. ಈಗಲೂ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ.

ಇದು ನನ್ನೊಬ್ಬನ ಕಥೆ ಅಲ್ಲ. ಉದ್ಯಮಬಾಗದಲ್ಲಿ ಯಾರನ್ನು ಕೇಳಿದರೂ ಇಂಥ ಒಂದು ಪತ್ರಕ್ಕೆ ಸೀಲ್ ಹೊಡೆದಿರುತ್ತಾರೆ. ಪೀಣ್ಯದಲ್ಲಿ ಕೇಳಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕೇಳಿ, ಇದೇ ಮಾತು. ಆ ಕಡೆ ದುಡ್ಡು ಕೊಟ್ಟರೆ ಪ್ರಾಜೆಕ್ಟನ್ನೇ ರೆಡಿ ಮಾಡಿ ಕೊಡುವ ಅಂಗಡಿಗಳಿವೆ. ಸೋಲಾರ್ ಹುಲ್ಲು ಕತ್ತರಿಸುವ ಯಂತ್ರ, ಪೆಡಲ್ ತುಳಿದು ನೀರೆತ್ತುವ ಪಂಪ್, ಪ್ಲಾಸ್ಟಿಕ್ ಬಾಟಲಿ ಪುಡಿ ಮಾಡುವ ಕ್ರಷರ್, ಎಲೆಕ್ಟ್ರೋಮ್ಯಾಗ್ನೆಟಿಕ್ ಬ್ರೇಕ್. ವರ್ಷ ವರ್ಷ ಅವೇ. ಮಾಡೆಲ್ ಜೊತೆ ರಿಪೋರ್ಟ್, ಪಿಪಿಟಿ, ಎಲ್ಲಾ ಪ್ಯಾಕೇಜ್. ಹೀಗೆ ಅಂಗಡಿಯ ಮಾಡೆಲ್ಲಿಗೆ ನಮ್ಮ ಲೆಟರ್‌ಹೆಡ್ ಸೇರಿದರೆ ಅದು ‘ಕೈಗಾರಿಕೆ ಪ್ರಾಯೋಜಿತ’ ಆಗುತ್ತದೆ. ಕೈಗಾರಿಕೆಗೆ ಮಾತ್ರ ಅದು ಗೊತ್ತೇ ಇರುವುದಿಲ್ಲ.

ಕಾಲೇಜಿಗೆ ಈ ಪದ ಯಾಕೆ ಅಷ್ಟು ಬೇಕು ಅಂತ ಮೊದಲು ನನಗೆ ಅರ್ಥ ಆಗುತ್ತಿರಲಿಲ್ಲ. ಆಮೇಲೆ ಒಬ್ಬ ಮೇಷ್ಟ್ರು ಬಿಡಿಸಿ ಹೇಳಿದರು. 2014ರಲ್ಲಿ ನಮ್ಮ ದೇಶ ವಾಷಿಂಗ್ಟನ್ ಅಕಾರ್ಡ್‌ನ ಕಾಯಂ ಸದಸ್ಯ ಆಯಿತು. ಅಂದರೆ ನಮ್ಮಲ್ಲಿ ಎನ್‌ಬಿಎ (ಕೋರ್ಸುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆದ ಕೋರ್ಸುಗಳಿಗೆ ಆ ಒಪ್ಪಂದದ ಬೇರೆ ದೇಶಗಳಲ್ಲೂ ಬೆಲೆ. ಒಳ್ಳೆಯದೇ. ಆದರೆ ಎನ್‌ಬಿಎ ತಂಡ ಬಂದಾಗ ಪ್ರಾಜೆಕ್ಟ್‌ಗಳ ಗುಣಮಟ್ಟ ನೋಡುತ್ತದೆ, ಉದ್ಯಮದ ಜೊತೆ ನಂಟು ಎಷ್ಟಿದೆ ಅಂತ ಕೇಳುತ್ತದೆ. ನಂಟು ಬೆಳೆಸಲು ವರ್ಷಗಟ್ಟಲೆ ಓಡಾಡಬೇಕು, ಫೈಲ್ ಮಾಡಲು ಒಂದು ವಾರ ಸಾಕು. ಅದಕ್ಕೇ ತಂಡ ಬರುವ ತಿಂಗಳು ನಮಗೆಲ್ಲಾ ಫೋನ್ ಮೇಲೆ ಫೋನ್. ನನ್ನ ಕಪಾಟಿನಲ್ಲಿ ಹೀಗೆ ಸಹಿ ಹಾಕಿದ ಮೂರು ಎಂಒಯು, ಅಂದರೆ ಒಡಂಬಡಿಕೆ ಪತ್ರ ಇವೆ, ಶಾಲು ಹೊದಿಸಿ ಫೋಟೊ ತೆಗೆದಿದ್ದಾರೆ, ಸಹಿ ಆದ ಮೇಲೆ ಯಾರೂ ಈ ಕಡೆ ತಲೆ ಹಾಕಿಲ್ಲ. ಶಾಲು ಚೆನ್ನಾಗಿತ್ತು.

ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಆ ಗೇರ್ ಬಾಕ್ಸ್ ಫೋನ್ ಬಂದ ಮೇಲೆ ಒಂದು ಹಟ ಹಿಡಿಯಿತು. ಇನ್ಮುಂದೆ ಬಂದವರಿಗೆ ಪತ್ರ ಕೊಡುವುದಿಲ್ಲ, ಕೆಲಸ ಕೊಡುತ್ತೇನೆ ಅಂತ. ಮರುವರ್ಷ ಹದಿನೈದು ಜನ ಬಂದು ಕೇಳಿ ವಾಪಸ್ ಹೋದರು. ಒಂದು ತಂಡ ಮಾತ್ರ ನಿಂತಿತು, ಮೂರು ಹುಡುಗರು, ಒಬ್ಬ ಹುಡುಗಿ.

ನನ್ನ ಶಾಪಿನಲ್ಲಿ ಆಗ ಒಂದು ತಲೆನೋವಿತ್ತು. ಪಂಪಿನ ಬಾಡಿ, ಎರಕದ ಕಬ್ಬಿಣದ್ದು, ಅದರ ಫ್ಲ್ಯಾಂಜಿನಲ್ಲಿ ನಾಲ್ಕು ತೂತು ಮತ್ತು ಪಕ್ಕದಲ್ಲಿ ಓರೆಯಾಗಿ ಒಂದು ಎಣ್ಣೆ ತೂತು. ರೇಡಿಯಲ್ ಡ್ರಿಲ್ ಮೇಲೆ ಒಂದೊಂದನ್ನೂ ಮಾರ್ಕಿಂಗ್ ಮಾಡಿ ಕೊರೆಯಬೇಕು. ಒಂದು ಪೀಸಿಗೆ 11 ನಿಮಿಷ. ಓರೆ ತೂತು ಸ್ವಲ್ಪ ಆಚೀಚೆ ಆದರೆ ಪೀಸ್ ರಿಜೆಕ್ಟ್. ಇದಕ್ಕೊಂದು ಡ್ರಿಲ್ ಜಿಗ್ ಮಾಡಿಕೊಡಿ ಅಂದೆ. ಪೀಸನ್ನು ಹಿಡಿದು, ಡ್ರಿಲ್ಲಿಗೆ ಸರಿಯಾದ ಜಾಗ ತೋರಿಸುವ ಚೌಕಟ್ಟು ಅದು.

ಮೂರು ವಾರ ಬಿಟ್ಟು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಸ್ಕ್ರೀನ್ ಮೇಲೆ ಡಿಸೈನ್ ತಿರುಗಿಸಿ ತಿರುಗಿಸಿ ತೋರಿಸಿದರು. ಆನ್ಸಿಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಸ್ಟ್ರೆಸ್ ಹಾಕಿ ಕೆಂಪು, ಹಳದಿ, ನೀಲಿ ಬಣ್ಣದ ಇಪ್ಪತ್ತು ಚಿತ್ರ. ಡ್ರಾಯಿಂಗ್ ಕೇಳಿದೆ. ಎಲ್ಲಾ ಅಳತೆಗೂ ಪ್ಲಸ್ ಆರ್ ಮೈನಸ್ 0.01 ಮಿಲಿಮೀಟರ್ ಅಂತ ಹಾಕಿದ್ದರು, ಬೇಸ್ ಪ್ಲೇಟಿನ ಹೊರಗಿನ ಅಂಚಿಗೂ. ಯಾಕಪ್ಪಾ ಅಂದರೆ ಸಾಫ್ಟ್‌ವೇರ್‌ನಲ್ಲಿ ಎರಡು ದಶಾಂಶ ಬರುತ್ತೆ ಸರ್ ಅಂದ ಒಬ್ಬ. ಗಾಳಿಗೆ ಒಡ್ಡಿಕೊಂಡಿರುವ ಅಂಚನ್ನು ಹತ್ತು ಮೈಕ್ರಾನಿಗೆ ಗ್ರೈಂಡ್ ಮಾಡಿಸಿದರೆ ಜಿಗ್ಗಿನ ಖರ್ಚು ನನ್ನ ಮಗಳ ಮದುವೆ ಖರ್ಚಿನಷ್ಟಾಗುತ್ತದೆ. ಮಟೀರಿಯಲ್ ಕಾಲಮ್ಮಿನಲ್ಲಿ ಬರೆದಿದ್ದು ‘ಸ್ಟೀಲ್’. ಅಷ್ಟೇ. ಯಾವ ಸ್ಟೀಲ್? ಬೇಸಿಗೆ ಎಂಎಸ್, ಅಂದರೆ ಸಾದಾ ಮೈಲ್ಡ್ ಸ್ಟೀಲ್ ಸಾಕು, ಡ್ರಿಲ್ಲಿಗೆ ದಾರಿ ತೋರಿಸುವ ಬಳೆ, ಅದೇ ಬುಶ್ಶಿಗೆ, ಇಎನ್ 31 ಸ್ಟೀಲ್ ಹಾಕಿ ಹಾರ್ಡನ್ ಮಾಡಿಸಬೇಕು, ಇಲ್ಲದಿದ್ದರೆ ಡ್ರಿಲ್ ತಿರುಗಿ ತಿರುಗಿ ತಿಂಗಳೊಳಗೆ ಬುಶ್ ಸವೆದು ತೂತು ಅಂಡಾಕಾರ ಆಗುತ್ತದೆ. ಇದನ್ನೆಲ್ಲಾ ಅವರು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದರು. ಬರೆಯುವುದು ಗೊತ್ತಿತ್ತು, ಎಲ್ಲಿ ಬೇಕು ಅಂತ ಗೊತ್ತಿರಲಿಲ್ಲ.

ಆದರೂ ಮೊದಲ ಡಿಸೈನನ್ನು ನಾನು ಬೇಕಂತಲೇ ತಡೆಯಲಿಲ್ಲ. ಅಳತೆ ಸಡಿಲ ಮಾಡಿಸಿ ಹಾಗೇ ಮಾಡಿಸಿದೆ. ಚಪ್ಪಟೆ ಪ್ಲೇಟಿನ ಮೇಲೆ ಕಾಸ್ಟಿಂಗ್ ಇಟ್ಟರು. ಟಕ್ ಟಕ್ ಅಂತ ಅಲುಗಾಡಿತು. ಫೀಲರ್ ಗೇಜ್ ತೂರಿಸಿದರೆ ಒಂದು ಮೂಲೆಯಲ್ಲಿ 0.3 ಮಿಲಿಮೀಟರ್ ಸಂದು. ಎರಕದ ಮೈ ಒರಟು, ಅದು ಸಪಾಟಾಗಿ ಕೂರುವುದಿಲ್ಲ. ನಾಲ್ಕೂ ಜನ ಸುಮ್ನೆ ನಿಂತುಬಿಟ್ಟರು. ಆಗ ನನ್ನ ಡ್ರಿಲ್ಲಿಂಗ್ ಆಪರೇಟರ್, ಐಟಿಐ ಓದಿ ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವರು, ಆ ಹುಡುಗಿಯನ್ನು ಕರೆದು ಕೇಳಿದರು, ‘ಒಲಿಗೆ ಎಷ್ಟ್ ಗುಂಡ ಇಡ್ತಾರವ್ವಾ?’ ಮೂರು ಅಂದಳು. ‘ಮತ್ತ ಇದಕ್ಯಾಕ ಹಲಗಿ ಇಟ್ಟೀರಿ?’

ಅವಳಿಗೆ ತಟ್ಟನೆ ಹೊಳೆಯಿತು. ಪುಸ್ತಕದಲ್ಲಿ ಅದಕ್ಕೆ 3-2-1 ಅಂತ ಹೆಸರು. ಕೆಳಗೆ ಬಟನ್ನಿನಂಥ ಉಬ್ಬಿದ ಮೂರು ಗುಂಡಿ, ಒಂದು ಪಕ್ಕಕ್ಕೆ ಎರಡು, ಇನ್ನೊಂದು ಪಕ್ಕಕ್ಕೆ ಒಂದು, ಆರು ಕಡೆ ತಾಗಿಸಿ ಬಿಗಿ ಹಿಡಿದರೆ ಪೀಸ್ ಎಲ್ಲೂ ಜಾರುವುದಿಲ್ಲ, ಅಲುಗಾಡುವುದೂ ಇಲ್ಲ. ಐದನೇ ಸೆಮಿಸ್ಟರಿನಲ್ಲೋ ಎಲ್ಲೋ ಹತ್ತು ಮಾರ್ಕಿಗೆ ಬರೆದಿದ್ದೆ ಸರ್ ಅಂದಳು. ಹತ್ತು ಮಾರ್ಕಿನ ಆ ಉತ್ತರವನ್ನು ಅವಳು ಕೈಯಲ್ಲಿ ಮುಟ್ಟಿದ್ದು ಅವತ್ತೇ ಮೊದಲು.

ಎರಡನೇ ಜಿಗ್ ಸರಿಯಾಗಿ ಕೂತಿತು. ಹತ್ತು ಪೀಸ್ ಚೆನ್ನಾಗಿ ಬಂತು. ಹನ್ನೊಂದನೆಯದರಲ್ಲಿ ತೂತು ಮತ್ತೆ ಆಚೀಚೆ. ಎಲ್ಲಾ ಅಳೆದರು, ಜಿಗ್ಗಿನಲ್ಲಿ ತಪ್ಪಿಲ್ಲ. ನೋಡಿದರೆ ಗುಂಡಿಯ ಬುಡದಲ್ಲಿ ಚಿಪ್ಸ್ ಸೇರಿಕೊಂಡು ಪೀಸ್ ಎದ್ದು ಕೂತಿದೆ. ತಿನ್ನುವ ಚಿಪ್ಸ್ ಅಲ್ಲ, ಡ್ರಿಲ್ ಮಾಡಿದಾಗ ಉದುರುವ ಕಬ್ಬಿಣದ ಚೂರು. ಕಂಪ್ಯೂಟರ್ ಮಾಡೆಲ್ಲಿನಲ್ಲಿ ಅದು ಉದುರುವುದೇ ಇಲ್ಲವಲ್ಲ! ಇಪ್ಪತ್ತು ಬಣ್ಣದ ಚಿತ್ರದಲ್ಲಿ ಒಂದರಲ್ಲೂ ಅದು ಇರಲಿಲ್ಲ. ಗುಂಡಿಗಳ ಸುತ್ತ ಕಾಲುವೆ ಕೊರೆದು, ಬೇಸಿಗೆ ಒಂದು ಕಿಟಕಿ ಬಿಟ್ಟು, ಚಿಪ್ಸ್ ಕೆಳಗೆ ಬೀಳುವ ಹಾಗೆ ಮಾಡಿದರು. ಪೀಸ್ ತಿರುಗಾಮುರುಗಾ ಕೂರದ ಹಾಗೆ ಒಂದು ಪಿನ್ ಕೂಡ ಹಾಕಿದರು, ಅದು ಅವರದೇ ಐಡಿಯಾ. ಒಟ್ಟು ಖರ್ಚು 18 ಸಾವಿರ, ನಾನೇ ಕೊಟ್ಟೆ. ಹನ್ನೊಂದು ನಿಮಿಷದ ಕೆಲಸ ನಾಲ್ಕಕ್ಕೆ ಇಳಿಯಿತು. ಆ ಜಿಗ್ ಇವತ್ತಿಗೂ ಓಡುತ್ತಿದೆ. ಬಣ್ಣ ಹೊಡೆಯಲು ಯಾರಿಗೂ ಪುರುಸೊತ್ತಾಗಲಿಲ್ಲ.

ಕ್ಲ್ಯಾಂಪಿನ ಹಿಡಿ ಮಾತ್ರ ಅವರು ಸರಿಯಾಗಿ ಯೋಚಿಸಿರಲಿಲ್ಲ. ತಿರುಗಿಸುವಾಗ ಆಪರೇಟರ್ ಮಣಿಕಟ್ಟಿಗೆ ಬಡಿಯುತ್ತಿತ್ತು, ಆಮೇಲೆ ನಾವೇ ಟಾಗಲ್ ಕ್ಲ್ಯಾಂಪ್ ಹಾಕಿಕೊಂಡೆವು. ಇರಲಿ.

ಈಗ ಇನ್ನೊಂದು ತಂಡದ ಕಥೆ ಕೇಳಿ, ಇದು ನನಗೆ ಜಾಸ್ತಿ ಬೇಜಾರು ಮಾಡಿದ್ದು. ಕಾಲೇಜು ಬೇರೆ, ಹೆಸರು ಬೇಡ. ಈ ಹುಡುಗರಿಗೆ ನಾನು ಕೊಟ್ಟಿದ್ದು ಗಾಳಿಯ ಸಮಸ್ಯೆ. ನನ್ನ ಹತ್ತಿರ 15 ಎಚ್‌ಪಿ ಸ್ಕ್ರೂ ಕಂಪ್ರೆಸರ್ ಇದೆ. ಸಿಎನ್‌ಸಿಗೆ, ಏರ್ ಗನ್ನಿಗೆ, ಎಲ್ಲದಕ್ಕೂ ಅದೇ ಗಾಳಿ. ಕರೆಂಟ್ ಬಿಲ್ ಯಾಕೋ ಏರುತ್ತಿದೆ, ಎಲ್ಲಿ ಹೋಗುತ್ತಿದೆ ನೋಡಿ ಅಂದೆ. ಅವರು ಒಂದು ಭಾನುವಾರ ಬಂದರು. ಶಾಪ್ ಬಂದ್, ಒಂದು ಮೆಷಿನ್ನೂ ಓಡುತ್ತಿಲ್ಲ. ಕಂಪ್ರೆಸರ್ ಮಾತ್ರ ಚಾಲೂ ಮಾಡಿ, ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಎದುರಿಗೆ ಕೂತರು. ಗಾಳಿ ಯಾರೂ ಬಳಸುತ್ತಿಲ್ಲ ಅಂದರೆ ಟ್ಯಾಂಕ್ ತುಂಬಿದ ಮೇಲೆ ಅದು ಲೋಡ್ ತೆಗೆದುಕೊಳ್ಳಬಾರದು, ಅಂದರೆ ಮತ್ತೆ ಗಾಳಿ ತುಂಬಬಾರದು, ಅಲ್ವಾ? ಆದರೆ ಒಂದೂವರೆ ನಿಮಿಷ ಲೋಡ್, ನಾಲ್ಕೂವರೆ ನಿಮಿಷ ಸುಮ್ಮನೆ, ಮತ್ತೆ ಒಂದೂವರೆ ನಿಮಿಷ ಲೋಡ್. ಎರಡು ತಾಸು ಹೀಗೇ ಬರೆದುಕೊಂಡರು. ಒಟ್ಟು ಆರು ನಿಮಿಷದಲ್ಲಿ ಒಂದೂವರೆ ಅಂದರೆ ಕಾಲು ಭಾಗ. ಕಂಪ್ರೆಸರಿನ ಶಕ್ತಿಯಲ್ಲಿ ಕಾಲು ಭಾಗ ಸೋರಿಕೆಗೇ ಹೋಗುತ್ತಿದೆ!

ಆಮೇಲೆ ಸೋಪಿನ ನೀರು ಬ್ರಶ್ಶಿನಲ್ಲಿ ಹಚ್ಚುತ್ತಾ ಪೈಪಿನ ಗುಂಟ ಹೋದರು. ಬುರುಗು ಬಂದಲ್ಲೆಲ್ಲಾ ಕೆಂಪು ಟೇಪ್ ಕಟ್ಟಿದರು. ಸಂಜೆ ಹೊತ್ತಿಗೆ ನನ್ನ ಶಾಪ್ ಜಾತ್ರೆ ತೇರಿನ ಹಾಗೆ ಕಾಣುತ್ತಿತ್ತು. ಒಂದು ಏರ್ ಗನ್ನಿನ ಹೋಸ್ ಕ್ಲಿಪ್ ಸಡಿಲ ಆಗಿ ಎಷ್ಟು ವರ್ಷ ಆಗಿತ್ತೋ, ಆ ಸುಯ್ ಅನ್ನುವ ಸದ್ದು ನಮ್ಮ ಕಿವಿಗೆ ರೂಢಿ ಆಗಿಬಿಟ್ಟಿತ್ತು. ಲೆಕ್ಕ ಅವರೇ ಹಾಕಿದರು. 15 ಎಚ್‌ಪಿ ಅಂದರೆ ಸುಮಾರು 11 ಕಿಲೋವ್ಯಾಟ್, ಅದರ ಕಾಲು ಭಾಗ, ದಿನಕ್ಕೆ 16 ತಾಸು, ಅಂದರೆ 44 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ ವರ್ಷಕ್ಕೆ ಲಕ್ಷದ ಮೇಲೆ ಹೋಗುತ್ತದೆ. ಸರಿಪಡಿಸಲು ಆದ ಖರ್ಚು ನಾಲ್ಕು ಸಾವಿರವೂ ಇಲ್ಲ.

ನಾನು ಖುಷಿಯಾಗಿ, ಈ ಸಲ ಪತ್ರ ನಾನೇ ಬರೆದು ಕೊಡುತ್ತೇನೆ ಅಂದೆ. ಎರಡು ವಾರ ಬಿಟ್ಟು ಹುಡುಗರು ಮುಖ ಸಪ್ಪಗೆ ಮಾಡಿಕೊಂಡು ಬಂದರು. ಕಾಲೇಜಿನ ರಿವ್ಯೂ ಕಮಿಟಿ ಒಪ್ಪಲಿಲ್ಲವಂತೆ. ‘ಮಾಡೆಲ್ ಎಲ್ಲಿದೆ? ಫ್ಯಾಬ್ರಿಕೇಶನ್ ಎಲ್ಲಿದೆ? ಇದು ಪ್ರಾಜೆಕ್ಟ್ ಅಲ್ಲ, ಮೆಂಟೆನೆನ್ಸ್.’ ಕೊನೆಗೆ ಏನು ಮಾಡಿದರು ಗೊತ್ತಾ? ಅಂಗಡಿಯಿಂದ ಬಾಟಲಿ ಕ್ರಷರ್ ತಂದು ತೋರಿಸಿದರು. ಪಾಸಾದರು. ಒಳ್ಳೇ ಮಾರ್ಕೂ ಬಂತಂತೆ.

ನನ್ನ ಸಿಟ್ಟು ಇಲ್ಲೇ ಇರುವುದು. ನಾಲ್ಕು ಚಕ್ರದ ಸ್ಟ್ಯಾಂಡಿನ ಮೇಲೆ ಕೂತ, ಬಣ್ಣ ಬಳಿದ, ಸ್ವಿಚ್ ಹಾಕಿದರೆ ಗುರ್ ಅನ್ನುವ ವಸ್ತು ಇದ್ದರೆ ಮಾತ್ರ ಪ್ರಾಜೆಕ್ಟ್ ಅಂತ ಯಾರು ಹೇಳಿದರು? ನಮ್ಮ ಶಾಪುಗಳಲ್ಲಿ ಇರುವ ನಿಜವಾದ ಸಮಸ್ಯೆಗಳಲ್ಲಿ ಅರ್ಧಕ್ಕರ್ಧ ಸ್ಟ್ಯಾಂಡಿನ ಮೇಲೆ ಕೂರುವಂಥದ್ದಲ್ಲ. ಇಲ್ಲಿ ಫೌಂಡ್ರಿಗಳು ಎಷ್ಟಿವೆ, ಬಳಸಿದ ಮರಳಿನ ಗುಡ್ಡೆ ಎಲ್ಲಿ ಹಾಕುವುದು ಅಂತ ಪ್ರತಿಯೊಬ್ಬ ಮಾಲೀಕನಿಗೂ ಚಿಂತೆ. ಆ ಮರಳನ್ನು ಎಷ್ಟು ಸಲ ಮರುಬಳಕೆ ಮಾಡಬಹುದು, ಎಷ್ಟು ಹೊಸ ಮರಳು, ಮರಳು ಅಂಟಲು ಹಾಕುವ ಬೆಂಟೋನೈಟ್ ಮಣ್ಣು ಎಷ್ಟು ಸೇರಿಸಬೇಕು ಅಂತ ನಾಲ್ಕು ತಿಂಗಳು ಕೂತು ಒಬ್ಬರು ಅಳೆದು ಕೊಟ್ಟರೆ ಕೈ ಮುಗಿಯುತ್ತಾರೆ. ಕಾಸ್ಟಿಂಗಿನಲ್ಲಿ ಬ್ಲೋ ಹೋಲ್, ಅಂದರೆ ಗಾಳಿ ಗುಳ್ಳೆಯ ತೂತು, ಮಳೆಗಾಲದಲ್ಲೇ ಯಾಕೆ ಜಾಸ್ತಿ? ಮೆಷಿನ್ ತಂಪಿಡುವ ಕೂಲಂಟ್ ಬೇಸಿಗೆಯಲ್ಲಿ ಯಾಕೆ ನಾರುತ್ತದೆ? ಇವಕ್ಕೆ ಉತ್ತರ ಪುಸ್ತಕದಲ್ಲಿ ಒಂದು ಸಾಲಿನಷ್ಟು ಇರುತ್ತದೆ, ನನ್ನ ಶಾಪಿನಲ್ಲಿ ಆ ಸಾಲು ಹೇಗೆ ನಡೆಯುತ್ತಿದೆ ಅಂತ ಯಾರಾದರೂ ಬಂದು ಅಳೆಯಬೇಕು.

ಮೇಷ್ಟ್ರುಗಳನ್ನು ಮಾತ್ರ ದೂರುವುದು ಸರಿಯಲ್ಲ ಅಂತಲೂ ಗೊತ್ತು. ಒಬ್ಬೊಬ್ಬರ ತಲೆ ಮೇಲೆ ನಾಲ್ಕೈದು ತಂಡ, ಜೊತೆಗೆ ಪಾಠ, ಫೈಲು, ಪರೀಕ್ಷೆ ಡ್ಯೂಟಿ. ಬಹಳ ಜನಕ್ಕೆ ಎಂಟೆಕ್ ಮುಗಿದ ಕೂಡಲೇ ಕ್ಲಾಸ್ ರೂಮ್ ಸಿಕ್ಕಿದೆ, ಶಾಪ್ ಫ್ಲೋರ್ ನೋಡಲು ಯಾರೂ ಕಳಿಸಿಲ್ಲ. ಹುಡುಗರದ್ದೂ ಪಾಪ ಬೇರೆ ಕಷ್ಟ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 85 ಪರ್ಸೆಂಟ್ ಹಾಜರಾತಿ ಬೇಕು, ನನ್ನ ಶಾಪಿಗೆ ವಾರದ ಮಧ್ಯೆ ಬಂದರೆ ಅಲ್ಲಿ ಗೈರು. ನಾಲ್ಕೂವರೆಗೆ ಕಾಲೇಜ್ ಬಸ್ ಹೊರಟುಬಿಡುತ್ತದೆ, ನಮ್ಮ ಸೆಕೆಂಡ್ ಶಿಫ್ಟ್ ಅವರು ಕಣ್ಣಲ್ಲಿ ನೋಡಿಲ್ಲ. ಎಷ್ಟೋ ಜನಕ್ಕೆ ಕೊನೇ ವರ್ಷದ ಹೊತ್ತಿಗೆ ಐಟಿ ಕಂಪನಿಯ ಆಫರ್ ಲೆಟರ್ ಬಂದಿರುತ್ತದೆ. ಅದು ಬಂದ ಮೇಲೆ ಡ್ರಿಲ್ ಬುಶ್ ಸವೆದರೇನು, ಬಿಟ್ಟರೇನು.

ಇನ್ನು ನಮ್ಮ ಕಡೆಯ ತಪ್ಪು. ಮಾಲೀಕರಲ್ಲಿ ಬಹಳ ಜನ ವಿದ್ಯಾರ್ಥಿಗಳು ಅಂದರೆ ಕಿರಿಕಿರಿ ಅಂದುಕೊಳ್ಳುತ್ತೇವೆ. ಕಾರಣಗಳೂ ಇವೆ ಅನ್ನಿ. ನಾವು ಮಾಡುವ ಪೀಸಿನ ಡ್ರಾಯಿಂಗ್ ನಮ್ಮದಲ್ಲ, ಗಿರಾಕಿಯದು. ಅದನ್ನು ಹುಡುಗರ ಕೈಗೆ ಕೊಟ್ಟು, ಅದು ರಿಪೋರ್ಟಿಗೆ ಸೇರಿ, ಕಾಲೇಜ್ ಲೈಬ್ರರಿಯಲ್ಲಿ ಕೂತರೆ ನಮ್ಮ ಆರ್ಡರ್ ಹೋದ ಹಾಗೇ. ಇನ್ನೊಂದು, ನಮ್ಮ ಕೆಲಸಗಾರರಿಗೆ ಇಎಸ್‌ಐ ವಿಮೆ ಇದೆ, ಈ ಮಕ್ಕಳಿಗೆ ಏನಿದೆ? ಚಪ್ಪಲಿ ಹಾಕಿಕೊಂಡು, ದುಪಟ್ಟಾ ಇಳಿಬಿಟ್ಟುಕೊಂಡು ಲೇತ್ ಪಕ್ಕ ನಿಂತರೆ ನನ್ನ ಎದೆ ಢವಢವ ಅನ್ನುತ್ತದೆ. ನನ್ನ ಹಳೇ ಎಚ್‌ಎಂಟಿ ಎಲ್‌ಬಿ 17 ಲೇತ್ ಯಾರ ಮುಖವನ್ನೂ ನೋಡುವುದಿಲ್ಲ. ಆದರೆ ಇದೆಲ್ಲಾ ಸರಿ ಮಾಡಬಹುದಾದದ್ದು. ಪಾರ್ಟ್ ನಂಬರ್, ಗಿರಾಕಿ ಹೆಸರು, ಮುಖ್ಯ ಅಳತೆ ತೆಗೆದು ಡ್ರಾಯಿಂಗ್ ಕೊಟ್ಟೆ, ಕೆಲಸಕ್ಕೇನೂ ತೊಂದರೆ ಆಗಲಿಲ್ಲ. ಇನ್ಶೂರೆನ್ಸ್ ಕಾಲೇಜು ಮಾಡಿಸಬೇಕು, ಶೂ ಹುಡುಗರು ಹಾಕಿಕೊಳ್ಳಬೇಕು, ಇದರಲ್ಲಿ ರಾಕೆಟ್ ವಿಜ್ಞಾನ ಏನಿಲ್ಲ.

ನನ್ನ ಅಣ್ಣನ ಮಗ ಎಂಎಸ್ ಮಾಡಲು ಅಮೆರಿಕಕ್ಕೆ ಹೋಗಿದ್ದ. ಅಲ್ಲಿ ಬಿಇ ಕೊನೇ ವರ್ಷದವರ ಈ ಕೆಲಸಕ್ಕೆ ಸೀನಿಯರ್ ಡಿಸೈನ್ ಅಂತಾರಂತೆ. ಕ್ಯಾಲಿಫೋರ್ನಿಯಾದ ಹಾರ್ವಿ ಮಡ್ ಕಾಲೇಜಿನಲ್ಲಿ ಕ್ಲಿನಿಕ್ ಅನ್ನುವ ಹೆಸರಿನಲ್ಲಿ 1960ರ ದಶಕದಿಂದಲೇ ನಡೆಯುತ್ತಿದೆ. ಡಾಕ್ಟರಾಗುವವರು ನಿಜವಾದ ರೋಗಿಯನ್ನು ನೋಡಿ ಕಲಿಯುವ ಹಾಗೆ ಎಂಜಿನಿಯರ್ ನಿಜವಾದ ಸಮಸ್ಯೆ ನೋಡಿ ಕಲಿಯಲಿ ಅಂತ ಆ ಹೆಸರು. ಕಂಪನಿ ದುಡ್ಡು ಕಟ್ಟುತ್ತದೆ, ಸಮಸ್ಯೆ ಕೊಡುತ್ತದೆ, ತನ್ನ ಒಬ್ಬ ಎಂಜಿನಿಯರನ್ನು ಆ ತಂಡಕ್ಕೆ ಅಂತ ಬಿಡುತ್ತದೆ. ಇಡೀ ಶೈಕ್ಷಣಿಕ ವರ್ಷ ಅದೇ ಕೆಲಸ. ದುಡ್ಡು ಕಟ್ಟಿದ ಮೇಲೆ ಯಾರು ತಾನೇ ಸುಮ್ಮನೆ ಸೀಲ್ ಹೊಡೆಯುತ್ತಾರೆ, ಹೇಳಿ? ಕೊಟ್ಟ ದುಡ್ಡಿಗೆ ಏನು ಬಂತು ಅಂತ ಕೇಳೇ ಕೇಳುತ್ತಾರೆ. ನನಗೆ ಅಲ್ಲಿಯದು ಹಿಡಿಸಿದ್ದು ಇದೊಂದೇ. ಅವರ ಫೀಸು ನಮ್ಮಂಥ ಸಣ್ಣ ಶಾಪಿಗೆ ಕನಸಿನ ಮಾತು, ಅದು ಬೇರೆ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮಲ್ಲೇ ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ಇದೆ, 1972ರಲ್ಲಿ ಶುರುವಾದದ್ದು. ಅಲ್ಲಿಯ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷ ಓದಿ ನಾಲ್ಕನೇ ವರ್ಷ ಕಂಪನಿಯಲ್ಲೇ ಟ್ರೇನಿಂಗ್. ಅಲ್ಲಿಂದ ಬಂದ ಹುಡುಗನಿಗೆ ಚಿಪ್ಸ್ ಎಲ್ಲಿ ಬೀಳುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಬಿಇ ಹುಡುಗರಿಗಾಗಿ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವುದು, ನಲವತ್ತಕ್ಕೂ ಹೆಚ್ಚು ವರ್ಷದಿಂದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ದುಡ್ಡು ಕೊಡುತ್ತಾ ಬಂದಿದೆ. ಮೊತ್ತ ದೊಡ್ಡದಲ್ಲ, ಆದರೆ ಮೊದಲೇ ಪ್ರಸ್ತಾವ ಬರೆಯಬೇಕು, ಏನು ಮಾಡುತ್ತೇವೆ ಅಂತ ಹೇಳಬೇಕು, ಆಮೇಲೆ ತೋರಿಸಬೇಕು. ಅಷ್ಟರಿಂದಲೇ ಹುಡುಗರು ಗಂಭೀರ ಆಗುತ್ತಾರೆ. ಈಗಿನ ವಿಟಿಯು ಸ್ಕೀಮ್‌ನಲ್ಲಿ ಇಂಟರ್ನ್‌ಶಿಪ್ ಕೂಡ ಕಡ್ಡಾಯ. ಆದರೆ ಇಂಟರ್ನ್‌ಶಿಪ್ಪಿಗೂ ಪ್ರಾಜೆಕ್ಟಿಗೂ ಸಂಬಂಧವೇ ಇರುವುದಿಲ್ಲ. ಒಂದು ಕಡೆ ಇಂಟರ್ನ್, ಇನ್ನೊಂದು ಕಡೆ ಪ್ರಾಜೆಕ್ಟ್, ಎರಡಕ್ಕೂ ಬೇರೆ ಬೇರೆ ಸರ್ಟಿಫಿಕೇಟ್. ಎರಡನ್ನೂ ಒಂದೇ ಶಾಪಿನಲ್ಲಿ, ಒಂದೇ ಸಮಸ್ಯೆ ಮೇಲೆ ಮಾಡಲಿ ಅಂತ ಬಿಟ್ಟರೆ ನಮಗೂ ಪೂರ್ತಿ ಒಬ್ಬ ಮನುಷ್ಯ ಸಿಕ್ಕ ಹಾಗಾಗುತ್ತದೆ.

ನಾನು ಕಾಲೇಜಿನವರನ್ನು ಕೇಳುವುದು ಏನು ಅಂದರೆ, ದಯವಿಟ್ಟು ಫೆಬ್ರುವರಿಯಲ್ಲಿ ಹುಡುಗರನ್ನು ಕಳಿಸಬೇಡಿ. ಎರಕಕ್ಕೆ ಬೇಕಾದ ಪ್ಯಾಟರ್ನ್ ಮಾಡಿಸಲೇ ಮೂರು ವಾರ ಬೇಕು, ಮೇ ಒಳಗೆ ಏನು ಮಾಡಲು ಸಾಧ್ಯ? ಕನಿಷ್ಠ ಎಂಟು ತಿಂಗಳು ಮುಂಚೆ ಬನ್ನಿ, ಮೊದಲು ಮೇಷ್ಟ್ರು ಬರಲಿ, ಟೀ ಕುಡಿಯೋಣ, ಶಾಪ್ ಸುತ್ತಾಡೋಣ, ಸಮಸ್ಯೆ ಇಬ್ಬರೂ ಸೇರಿ ಆರಿಸೋಣ. ವೈವಾ ದಿನ ನಮ್ಮವರೊಬ್ಬರನ್ನು ಕರೆಯಿರಿ. ಮಾಲೀಕನೇ ಆಗಬೇಕಿಲ್ಲ. ನನ್ನನ್ನು ಕೇಳಿದರೆ ಆ ಒಲೆಗುಂಡಿನ ಪ್ರಶ್ನೆ ಕೇಳಿದ ಆಪರೇಟರನ್ನು ಕೂರಿಸಿ ಅನ್ನುತ್ತೇನೆ. ಅವರ ಕೈಗೆ ಹತ್ತು ಮಾರ್ಕು ಕೊಟ್ಟು ನೋಡಿ, ಅಂಗಡಿ ಮಾಡೆಲ್ ಎಷ್ಟು ನಿಮಿಷ ನಿಲ್ಲುತ್ತದೆ ಅಂತ. ಕೆಟ್ಟುಹೋದ ಪ್ರಾಜೆಕ್ಟಿಗೂ ಮಾರ್ಕು ಕೊಡಿ. ನನ್ನ ಹುಡುಗರ ಮೊದಲ ಜಿಗ್ ಅಲುಗಾಡಿತು ಅಂತ ರಿಪೋರ್ಟಿನಲ್ಲಿ ಬರೆಯಲು ಅವರು ಹೆದರಿದರು, ಗೈಡ್ ಬೈಯುತ್ತಾರೆ ಅಂತ ಆ ಅಧ್ಯಾಯವನ್ನೇ ತೆಗೆದರು. ಇಡೀ ಪ್ರಾಜೆಕ್ಟಿನಲ್ಲಿ ಓದುವಂಥದ್ದು ಅದೊಂದೇ ಇತ್ತು.

ನನ್ನಂಥ ಮಾಲೀಕರಿಗೂ ಒಂದು ಮಾತು. ಪತ್ರ ಕೇಳಿ ಬಂದರೆ ಕೊಡಬೇಡಿ. ಪರಿಚಯದವರ ಮಗ ಆದರೂ ಕೊಡಬೇಡಿ, ಸಿಟ್ಟಾದರೆ ಆಗಲಿ. ಕೊಡುವುದಾದರೆ ‘ಇಷ್ಟು ದಿನ ಬಂದಿದ್ದರು, ಇಂಥ ಮೆಷಿನ್ ಮೇಲೆ ಕೆಲಸ ಮಾಡಿದರು, ಇಷ್ಟು ಕೆಲಸ ಆಯಿತು, ಇಷ್ಟು ಆಗಲಿಲ್ಲ’ ಅಂತ ಬರೆದು ಕೊಡಿ. ಒಂದು ಹತ್ತಿಪ್ಪತ್ತು ಸಾವಿರ ಮಟೀರಿಯಲ್ಲಿಗೆ ಹಾಕಿ. ನನ್ನ ಜಿಗ್ಗಿನ 18 ಸಾವಿರ ಮೂರು ತಿಂಗಳಲ್ಲಿ ವಾಪಸ್ ಬಂತು, ದಾನ ಏನಲ್ಲ.

ಜಿಗ್ ಮಾಡಿದ ಆ ನಾಲ್ವರಲ್ಲಿ ಇಬ್ಬರು ಐಟಿಗೆ ಹೋದರು. ಒಬ್ಬ ಪುಣೆಯಲ್ಲಿ ಸಿಎನ್‌ಸಿ ಪ್ರೋಗ್ರಾಮಿಂಗ್ ಮಾಡುತ್ತಿದ್ದಾನೆ. ಹುಡುಗಿ ಬೆಂಗಳೂರಿನಲ್ಲಿ ಟೂಲ್ ಡಿಸೈನ್ ವಿಭಾಗದಲ್ಲಿದ್ದಾಳೆ, ದೀಪಾವಳಿಗೆ ಊರಿಗೆ ಬಂದಾಗ ಶಾಪಿಗೆ ಬಂದು ಮೊದಲು ಆಪರೇಟರನ್ನು ಮಾತಾಡಿಸಿ ಆಮೇಲೆ ನನ್ನ ಹತ್ತಿರ ಬರುತ್ತಾಳೆ.

ಪತ್ರ ಉದ್ದ ಆಯಿತು, ಕತ್ತರಿ ಹಾಕಬೇಕಾದರೆ ಶಾಲಿನ ಕಥೆ ತೆಗೆಯಿರಿ, ಜಿಗ್ಗಿನದು ಬಿಡಿ. ಈ ವರ್ಷ ನನ್ನ ಹತ್ತಿರ ಇರುವ ಸಮಸ್ಯೆ ಇದು: ಹೈಡ್ರಾಲಿಕ್ ವಾಲ್ವ್ ಬಾಡಿಯ ಒಳಗೆ ಎರಡು ತೂತು ಅಡ್ಡಡ್ಡ ಸೇರುವ ಜಾಗದಲ್ಲಿ ಬರ್ ಉಳಿಯುತ್ತದೆ. ಕೂದಲಿನಷ್ಟು ಸಣ್ಣ ಕಬ್ಬಿಣದ ಮುಳ್ಳು ಅದು. ಎಣ್ಣೆಯ ಜೊತೆ ಹೋಗಿ ವಾಲ್ವ್ ಒಳಗೆ ಜಾರುವ ಸ್ಪೂಲಿಗೆ ಸಿಕ್ಕಿಕೊಂಡರೆ ವಾಲ್ವ್ ಜಾಮ್, ಗಿರಾಕಿಯಿಂದ ಬೈಗುಳ. ಈಗ ಒಬ್ಬರು ಕೂತು ಸಣ್ಣ ಬ್ರಶ್ ಹಾಕಿ, ಟಾರ್ಚ್ ಬಿಟ್ಟು ನೋಡಿ ನೋಡಿ ಕೈಯಲ್ಲೇ ತೆಗೆಯುತ್ತಾರೆ, ದಿನಕ್ಕೆ ನಲವತ್ತು ಪೀಸ್ ದಾಟುವುದಿಲ್ಲ, ಸಂಜೆಗೆ ಕಣ್ಣು ಕೆಂಪು. ಯಾವ ಕಾಲೇಜಿನ ಹುಡುಗರಾದರೂ ಸರಿ, ಶನಿವಾರ ಮಧ್ಯಾಹ್ನ ಮೂರರ ಮೇಲೆ ಬನ್ನಿ, ಪೀಸ್ ಕೈಗೆ ಕೊಡುತ್ತೇನೆ. ಶೂ ಹಾಕಿಕೊಂಡು ಬನ್ನಿ. ಪೆನ್‌ಡ್ರೈವ್ ಮನೆಯಲ್ಲೇ ಇರಲಿ.

ಇಂತಿ,
ಸಣ್ಣ ಮೆಷಿನ್ ಶಾಪ್ ಮಾಲೀಕ,
ಉದ್ಯಮಬಾಗ, ಬೆಳಗಾವಿ